ಶಾಲು ಹೊದಿಸಿದರಷ್ಟೇ ಸತ್ಕಾರ ಆಗೋದಿಲ್ಲ

(ಸಂಘದ ವರ್ಧಾಪನ ದಿನದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಈಗಷ್ಟೇ ಬುದ್ಧ, ಫುಲೆ, ಶಾಹು, ಬಾಬಾಸಾಹೇಬರ ಭಾವಚಿತ್ರಗಳಿಗೆ ಹಾರ ಹಾಕಿದೆವು. ಇನ್ನ ಸ್ವಲ್ಪ ಹೊತ್ತಿಗೆ ಸತ್ಕಾರ ಕಾರ್ಯಕ್ರಮ ಅದ. ಪ್ರತಿ ವರ್ಷ ನಾವು ಯಾರನ್ನು ಸತ್ಕರಿಸ್ತೀವಿ? ಹತ್ತನೆತ್ತಿ, ಹನ್ನೆರಡನೆತ್ತಿಯೊಳಗ ಒಳ್ಳೆ ಗುಣ ತಗೊಂಡ ಮಕ್ಕಳನ್ನ, ನೌಕರಿ ಹತ್ತಿದವರನ್ನ, ನಿವೃತ್ತರಾದ ಗುರುಜಿಗಳನ್ನ. ಅದು ಚೊಲೋನೇ ಅದ, ನಡೀಲಿ. ಈ ವರ್ಷ ಮಾತ್ರ ನಮ್ಮ ಹುಡುಗರು ಒಂದು ಹೊಸ ಯಾದಿ ಮಾಡ್ಯಾರ. ನಮ್ಮ ಮಕ್ಕಳಿಗೆ ಆಕಾಶ ತೋರಿಸಿದವರ ಯಾದಿ ಅದು. ಶಾಲೆಯ ಮಕ್ಕಳನ್ನು ಸೊಲ್ಲಾಪುರದ ವಿಜ್ಞಾನ ಕೇಂದ್ರಕ್ಕ ಕರಕೊಂಡು ಹೋಗಿ ಬಂದ ತರುಣ-ತರುಣಿಯರು ಅದರಾಗ ಅದಾರ. ಕೇರಿಯ ಬಯಲಿನಾಗ ದುರ್ಬೀನು ನಿಲ್ಲಿಸಿ ರಾತ್ರಿ ಹತ್ತರ ತನಕ ಚಂದ್ರನ್ನ ತೋರಿಸಿದವರು ಅದಾರ. ಅವರ ಜೋಡಿ ಇಂಥ ಕೇಂದ್ರಗಳಲ್ಲಿ ದಿನಾ ದುಡಿಯುವವರನ್ನೂ ಕರೆಯಬೇಕಂತ ಠರಾವು ಮಾಡ್ಯಾರ: ವಿವರಿಸಿ ಹೇಳುವವರು, ತಿಕೀಟು ಕೊಡುವವರು, ಬಾಗಿಲು ಕಾಯುವವರು, ಕಸ ಗುಡಿಸುವವರು, ಮಕ್ಕಳನ್ನು ಹೊತ್ತೊಯ್ದು ಹೊತ್ತು ತಂದ ಗಾಡಿ ಡ್ರೈವರು.

ಇದರ ಮ್ಯಾಲೆ ನಾಕು ಮಾತು ಹೇಳ್ರಿ ಅಂತ ನನಗ ಹೇಳಿದರು. ನಾ ಹೇಳಬೇಕಾದ್ದು ಒಂದೇ ಸಂಗತಿ ಅದ. ದುಡಿದವರನ್ನು ಗೌರವಿಸೋದು ಅಂದ್ರ ಏನು ಅನ್ನೋದು ಈ ದೇಶದಾಗ ಉಳಿದ ಯಾರಿಗಿಂತಲೂ ನಮಗ ಚೆನ್ನಾಗಿ ಗೊತ್ತಿರಬೇಕು. ಯಾಕಂದ್ರ, ಗೌರವ ಇಲ್ಲದ ದುಡಿಮೆ ಹ್ಯಾಂಗಿರ್ತದ ಅನ್ನೋದು ನಮ್ಮ ಅಜ್ಜ-ಮುತ್ತ್ಯಾನ ಕಾಲದಿಂದ ನಮಗ ಗೊತ್ತದ.

ಮೊದಲು ಈ ಕೆಲಸ ಎಂಥಾದ್ದು ಅಂತ ನೋಡೋಣ.

ನಮ್ಮ ಬೋರಾಮಣಿ ಇರೋದು ಹೈದರಾಬಾದ ರಸ್ತೆಗೆ. ವಿಜ್ಞಾನ ಕೇಂದ್ರ ಇರೋದು ಆಚೆ ಪುಣೆ ರಸ್ತೆಗೆ, ಕೇಗಾಂವದ ಹತ್ತಿರ, ವಿದ್ಯಾಪೀಠದ ಬಾಜೂಕ. ಸೊಲ್ಲಾಪುರ ಪೂರಾ ದಾಟಿ ಹೋಗಬೇಕು. ನಲವತ್ತು ಮಕ್ಕಳನ್ನು ಕರಕೊಂಡು ಹೋಗೋದು ಅಂದ್ರ ಸುಮ್ಮನ ಮಾತಲ್ಲ. ಮನಿ ಮನಿಗೆ ಹೋಗಿ ತಾಯಿ-ತಂದೀನ ಒಪ್ಪಿಸಬೇಕು. "ನಮ್ಮ ಹುಡುಗಿ ದೊಡ್ಡಾಕಿ ಆಗ್ಯಾಳ, ಕಳಸಂಗಿಲ್ಲ" ಅಂದವರ ಮನಿಗೆ ಎರಡನೇ ಸಲ ಹೋಗಬೇಕು. ಗಾಡಿ ಗೊತ್ತು ಮಾಡಬೇಕು. ರೊಟ್ಟಿ-ಶೇಂಗಾ ಚಟ್ನಿ ಗಂಟು ಕಟ್ಟಬೇಕು. ಹಾದ್ಯಾಗ ವಾಂತಿ ಮಾಡಿಕೊಂಡ ಕೂಸಿನ ಮಾರಿ ತೊಳಿಬೇಕು. ಹೋಗುವಾಗ ಎಷ್ಟು ತಲೆ ಎಣಿಸಿದ್ದೆವೋ ಬರುವಾಗ ಅಷ್ಟೇ ಎಣಿಸಬೇಕು. ಇದೆಲ್ಲ ಆದ ಮ್ಯಾಲೆ ವಿಜ್ಞಾನ!

ಅಲ್ಲಿ ಹೋದ ಮ್ಯಾಲೂ ಯಂತ್ರಗಳು ತಾವೇ ಮಾತಾಡೋದಿಲ್ಲ. ಪ್ರತಿಯೊಂದು ಉಪಕರಣದ ಹಂತೇಲಿ ಒಬ್ಬರು ನಿಂತು, ಹಿಂದಿನ ಗುಂಪಿಗೆ ಹೇಳಿದ್ದನ್ನೇ ಮುಂದಿನ ಗುಂಪಿಗೆ, ಅದೇ ಹುರುಪಿನಿಂದ ಹೇಳ್ತಾರ. ಒಂದು ದಿನಕ್ಕ ಎಷ್ಟು ಶಾಲೆ ಬರ್ತಾವೋ ಅಷ್ಟು ಸಲ. ಹತ್ತನೇ ಸಲ ಹೇಳುವಾಗ ಹೇಳೋರಿಗೆ ದಣಿವಾಗಿರ್ತದ. ಆದರ ಕೇಳೋ ಕೂಸಿಗೆ ಅದು ಜೀವನದಾಗ ಮೊದಲನೇ ಸಲ. ಆ ದಣಿವನ್ನು ಕೂಸಿಗೆ ಕಾಣಗೊಡದಂಗ ಹೇಳೋದೇ ಅವರ ವಿದ್ಯೆ.

ದುರ್ಬೀನಿನ ಕೆಲಸಾನೂ ಅಷ್ಟೇ. ಇಲ್ಲಿ ಕುಂತ ಹುಡುಗರು ಮಾಡಿ ನೋಡ್ಯಾರ, ಅವರಿಗೆ ಗೊತ್ತದ. ಚಂದ್ರನ್ನ ದುರ್ಬೀನಿನಾಗ ಹಿಡಿದು ನಿಲ್ಲಿಸಿದರ ಅವ ನಿಲ್ಲೋದಿಲ್ಲ. ಭೂಮಿ ತಿರುಗಾಕ ಹತ್ತಿರ್ತದ, ತಾಸಿಗೆ 15 ಡಿಗ್ರಿಯಷ್ಟು ಆಕಾಶ ಸರೀತಿರ್ತದ. ಬರಿಗಣ್ಣಿಗೆ ಅದು ತಿಳಿಯೋದಿಲ್ಲ. ದುರ್ಬೀನು ಎಷ್ಟು ದೊಡ್ಡದು ಮಾಡಿ ತೋರಿಸ್ತದೋ ಆ ಸರಿಯೋದನ್ನೂ ಅಷ್ಟೇ ಜೋರು ಮಾಡಿ ತೋರಿಸ್ತದ. ಒಂದೆರಡು ಮಿನಿಟಿನಾಗ ಚಂದ್ರ ಅಂಚಿಗೆ ಹೋಗಿ ಮಾಯ. ಅದಕ್ಕ ಪ್ರತಿ ಕೂಸು ನೋಡಿದ ಮ್ಯಾಲೆ ಯಾರೋ ಒಬ್ಬರು ಬಗ್ಗಿ, ಮತ್ತ ಹಿಡಿದು, ಮತ್ತ ಸರಿ ಮಾಡಿ, ಗಿಡ್ಡ ಕೂಸಿದ್ದರ ಸ್ಟೂಲಿನ ಮ್ಯಾಲೆ ನಿಲ್ಲಿಸಿ, "ಕಾಣ್ತೇನ? ತಗ್ಗು ಕಾಣ್ತೇನ?" ಅಂತ ಕೇಳಬೇಕು. ನೂರು ಮಕ್ಕಳಿದ್ದರ ನೂರು ಸಲ. ರಾತ್ರಿ ಮುಗಿಯೋದ್ರೊಳಗ ಸೊಂಟ ಹಿಡಿದಿರ್ತದ.

ಇನ್ನೊಂದು ಕೆಲಸ ಅದ, ಅದನ್ನ ನಮ್ಮ ಗಡಿನಾಡಿನ ಹುಡುಗರಷ್ಟೇ ಮಾಡಬಲ್ಲರು. ಅಲ್ಲಿ ಹೇಳೋದು ಮರಾಠಿಯಲ್ಲಿ, ಫಲಕ ಇಂಗ್ಲಿಷಿನಲ್ಲಿ, ನಮ್ಮ ಮಕ್ಕಳ ಮನಿ ಮಾತು ಕನ್ನಡ. "ಗುರುತ್ವಾಕರ್ಷಣ" ಅಂದ ಕೂಡಲೇ ಕೂಸು ಮಿಕಮಿಕ ನೋಡ್ತದ. ನಮ್ಮ ಹುಡುಗಿ ಒಬ್ಬಾಕಿ ಪಕ್ಕದಾಗ ನಿಂತು, "ಕಲ್ಲು ಮ್ಯಾಲೆ ಒಗದ್ರ ತಿರುಗಿ ಕೆಳಗ ಬೀಳ್ತದಲ್ಲ, ಯಾಕ? ಭೂಮಿ ಅದನ್ನ ತನ್ನ ಕಡೆ ಜಗ್ತದ. ಚಂದ್ರನ್ನೂ ಹಂಗೇ ಜಗ್ಗಿ ಹಿಡಿದದ" ಅಂತಾಳ. ಕೂಸಿನ ಮಾರಿ ಅರಳ್ತದ. ಆ ಒಂದು ವಾಕ್ಯಕ್ಕ ಪಗಾರ ಇಲ್ಲ, ಪ್ರಮಾಣಪತ್ರ ಇಲ್ಲ. ಆದರ ಅವತ್ತು ಆ ಕೂಸಿಗೆ ಅದಕ್ಕಿಂತ ದೊಡ್ಡ ಪಾಠ ಇಲ್ಲ.

ಬಂಧುಗಳೇ, ಆಕಾಶ ನಮಗ್ಯಾಕ ಬೇಕು ಅಂತ ಕೇಳುವವರೂ ಅದಾರ. ನಮ್ಮೂರಿನ ಹೆಸರು ವಿಮಾನ ನಿಲ್ದಾಣದ ಮಾತಿನಾಗ ವರ್ಷಗಟ್ಟಲೆ ಪೇಪರಿನಾಗ ಬಂತು. ಜಮೀನು ಹೋದವು, ವಿಮಾನ ಬರಲಿಲ್ಲ. "ನೆಲಾನೇ ಕೈಯಾಗ ಇಲ್ಲ, ಆಕಾಶ ತಗೊಂಡು ಏನ್ ಮಾಡ್ತೀರಿ?" ಅಂತ ಒಬ್ಬ ಹಿರಿಯರು ನಗೆಯಾಡಿದರು. ಅವರ ಮಾತಿನಾಗ ಸಂಕಟ ಅದ, ನಾ ಅಲ್ಲಗಳೆಯೋದಿಲ್ಲ.

ಆದರ ಆಕಾಶದ ಹೆಸರಿನ ಮ್ಯಾಲೆ ನಮ್ಮವರನ್ನು ಏನು ಮಾಡಿದ್ದರು ಅನ್ನೋದನ್ನ ಮರೀಬಾರದು. ಗ್ರಹಣ ಹಿಡಿದಾಗ ಊರವರು ಸ್ನಾನ ಮಾಡಿ ಮಡಿ ಆಗ್ತಿದ್ದರು. ನಮ್ಮ ಮಾಂಗ, ಮಹಾರ ಅಜ್ಜ-ಅಜ್ಜಿಯರು ಬುಟ್ಟಿ ಹಿಡಕೊಂಡು, ಗ್ರಹಣ ಬಿಡಲಿ, ದಾನ ಕೊಡ್ರಿ ಅಂತ ಓಣಿ ಓಣಿ ಕೂಗುತ್ತ ತಿರುಗಬೇಕಿತ್ತು. ರಾಹು-ಕೇತುವಿಗೂ ನಮಗೂ ನಂಟು ಹಚ್ಚಿದ್ದರು. ಸೂರ್ಯನ ಮುಂದ ಚಂದ್ರ ಬಂದ್ರ ಅದರ ಮೈಲಿಗೆ ನಮಗ! ಇವತ್ತು ಅದೇ ಕೇರಿಯ ಹುಡುಗಿ ಚೆಂಡು, ಲಿಂಬಿಹಣ್ಣು, ಬ್ಯಾಟರಿ ಹಿಡಕೊಂಡು ಗ್ರಹಣ ಹ್ಯಾಂಗ ಆಗ್ತದಂತ ಊರಿನ ಎಲ್ಲ ಜಾತಿ ಮಕ್ಕಳಿಗೆ ತೋರಸ್ತಾಳ. ಬುಟ್ಟಿ ಹೋಗಿ ಕೈಯಾಗ ಬ್ಯಾಟರಿ ಬಂತು. ಇದು ಸಣ್ಣ ಬದಲಾವಣೆ ಅನ್ನಬ್ಯಾಡ್ರಿ. ಗ್ರಹಣ, ಭೂತ, ಭಾನಾಮತಿಯ ಅಂಜಿಕೆ ಬಿಡಿಸಲಿಕ್ಕೆ ಮಹಾರಾಷ್ಟ್ರದಾಗ ಊರೂರು ತಿರುಗಿದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಕ್ಕಿ ಕೊಂದರು. ತಿಳಿವಳಿಕೆ ಹಂಚೋ ಕೆಲಸ ಅಷ್ಟು ಸಸಾರದ್ದಲ್ಲ.

ಗ್ರಹಣದ ಮಾತು ಬಂತು, ನಮ್ಮ ಹತ್ತಿರದ್ದೇ ಒಂದು ಕಥೆ ಹೇಳ್ತೀನಿ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ ಆಯಿತು. ಅದರ ನೆರಳು ವಿಜಯಪುರ, ಜಮಖಂಡಿ ಮೇಲೆ ಹಾದು ಗುಂಟೂರು, ಮಚಲೀಪಟ್ಟಣದ ಕಡೆ ಹೋಯಿತು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಡೇರೆ ಹಾಕಿ ಕುಂತಿದ್ದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ ಅವರು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಇದ್ದರು. ಸೂರ್ಯನ ಅಂಚಿನಿಂದ ಏಳುವ ಜ್ವಾಲೆಗಳ ಬೆಳಕನ್ನು ಅವರೆಲ್ಲ ಒಡೆದು ನೋಡಿದರು. ಆ ಬೆಳಕಿನಾಗ ಕಂಡ ಒಂದು ಹಳದಿ ಗೆರೆ ಭೂಮಿ ಮ್ಯಾಲಿನ ಯಾವ ಧಾತುವಿಗೂ ಹೊಂದಲಿಲ್ಲ. ಮುಂದ ಅದಕ್ಕ ಹೀಲಿಯಂ ಅಂತ ಹೆಸರಾಯಿತು. ಜಾತ್ರಿಯಾಗ ಮಕ್ಕಳು ಹಿಡಕೊಂಡು ಓಡ್ತಾರಲ್ಲ ಮ್ಯಾಲೆ ಹಾರೋ ಫುಗ್ಗಾ, ಅದರೊಳಗ ತುಂಬೋ ಹೀಲಿಯಂ.

ಈ ಕಥೆ ಪುಸ್ತಕದಾಗ ಬರ್ತದ, ಸಾಹೇಬರ ಹೆಸರು ಬರ್ತಾವ. ಆದರ ಆ ತೂಕದ ಪೆಟ್ಟಿಗೆಗಳನ್ನು ಆಗಸ್ಟಿನ ಕೆಸರಿನಾಗ ಜಮಖಂಡಿ ತನಕ ಮುಟ್ಟಿಸಿದವರು ಯಾರು? ಗೂಟ ಬಡಿದವರು, ನೀರು ಹೊತ್ತವರು, ರಾತ್ರಿ ಕಾವಲು ಕುಂತವರು ಯಾರು? ಸಾಹೇಬರು ಊರಿಗೆ ಬಂದ್ರ ಬೋಜಾ ಹೊರುವ ಪಾಳಿ ಯಾರದಿತ್ತು ಅಂತ ಇಲ್ಲಿ ಕುಂತ ಹಿರಿಯರಿಗೆ ನಾ ಬಿಡಿಸಿ ಹೇಳಬೇಕಾಗಿಲ್ಲ. ಅವರಲ್ಲಿ ಒಬ್ಬರ ಹೆಸರನ್ನೂ ಶಾಲೆಯ ಪುಸ್ತಕ ಹೇಳೋದಿಲ್ಲ.

ಹೆಸರಿನ ಮಾತು ಹಿಡಿದು ಸ್ವಲ್ಪ ದೂರ ಹೋಗೋಣ. ಅಮೇರಿಕಾದ ಹಾರ್ವರ್ಡ್ ವೀಕ್ಷಣಾಲಯದಾಗ ಪಿಕರಿಂಗ್ ಅನ್ನುವ ಮುಖ್ಯಸ್ಥರಿದ್ದರು. ಅವರ ಮನೆಗೆಲಸಕ್ಕ ಸ್ಕಾಟ್ಲೆಂಡಿನಿಂದ ಬಂದ ಒಬ್ಬ ಹೆಣ್ಣುಮಗಳು ಇದ್ದಳು, ವಿಲಿಯಮಿನಾ ಫ್ಲೆಮಿಂಗ್. ಬಸುರಿ ಇದ್ದಾಗಲೇ ಗಂಡ ಬಿಟ್ಟು ಹೋಗಿದ್ದ. ಹೊಟ್ಟಿಪಾಡಿಗೆ ಪಾತ್ರೆ-ಪಗಡೆ ತೊಳಿಯುವ ಕೆಲಸ ಹಿಡಿದಿದ್ದಳು. 1881ರಲ್ಲಿ ಆಕೆಯನ್ನು ವೀಕ್ಷಣಾಲಯದ ಕೆಲಸಕ್ಕೆ ತಗೊಂಡರು. ನಕ್ಷತ್ರಗಳ ಬೆಳಕಿನ ಫೋಟೋ ಗಾಜುಗಳನ್ನು ನೋಡಿ ನೋಡಿ 10,000ಕ್ಕೂ ಹೆಚ್ಚು ನಕ್ಷತ್ರಗಳನ್ನು ಆಕೆ ಗುಂಪು ಗುಂಪಾಗಿ ವಿಂಗಡಿಸಿದಳು. ಮೃಗಶಿರದ ಹತ್ತಿರ, ನಮ್ಮ ರೈತರು ಮಿರಗ ಅಂತಾರಲ್ಲ, ಆ ಮೂರು ಚುಕ್ಕಿಗಳ ಸಾಲಿನ ಬಾಜೂಕ ಕುದುರೆ ತಲೆಯಂಥ ಒಂದು ಕಪ್ಪು ಮೋಡ ಅದ. ಅದನ್ನು 1888ರ ಒಂದು ಫೋಟೋದಾಗ ಗುರುತಿಸಿದಾಕಿ ಈಕೆನೇ.

ಆದರ ಏನಾಯಿತು? 1895ರಲ್ಲಿ ಬಂದ ದೊಡ್ಡ ಯಾದಿಯೊಳಗ ಆಕೆ ಹುಡುಕಿದ್ದರ ಮುಂದ ಪಿಕರಿಂಗ್ ಅಂತ ಬರೆದರು. ಆಕೆಯ ಹೆಸರು ಬಿಟ್ಟಿದ್ದರು. ಅದು ಸರಿ ಆಗಲಿಕ್ಕೆ ವರ್ಷಗಳೇ ಹಿಡಿದವು. 1899ರಲ್ಲಿ ಆಕೆಗೆ ಫೋಟೋಗಳ ಮೇಲ್ವಿಚಾರಕಿ ಅನ್ನುವ ಹುದ್ದೆ ಕೊಟ್ಟರು, ದೊಡ್ಡ ಗೌರವ ಅಂದರು. ಮರು ವರ್ಷ ಆಕೆ ತನ್ನ ದಿನಚರಿಯೊಳಗ ಏನು ಬರೆದುಕೊಂಡಳು ಗೊತ್ತದ ಏನು? ನನಗ ವರ್ಷಕ್ಕ 1,500 ಡಾಲರ್, ಗಂಡಸರಿಗೆ 2,500 ಡಾಲರ್, ನನಗೂ ಸಾಕಬೇಕಾದ ಮನಿ ಅದ ಅನ್ನುವ ಅರ್ಥದ ಮಾತು. ಹುದ್ದೆ ಬಂತು, ಪಗಾರ ಬರಲಿಲ್ಲ.

ಹಾರ್ವರ್ಡಿನ ಆ ಹೆಣ್ಣುಮಕ್ಕಳು ಮಾಡಿದ ವಿಂಗಡಣೆ ಸುಮ್ಮನ ಬಿದ್ದಿರಲಿಲ್ಲ. ನಕ್ಷತ್ರಗಳು ಆ ಸಾಲಿನಾಗೇ ಯಾಕ ಬರ್ತಾವ ಅನ್ನುವ ಗುಟ್ಟು ಬಿಚ್ಚಿದವರು ನಮ್ಮ ದೇಶದ ಮೇಘನಾದ ಸಾಹಾ. ಢಾಕಾ ಹತ್ತಿರದ ಒಂದು ಹಳ್ಳಿಯಲ್ಲಿ 1893ರಲ್ಲಿ ಹುಟ್ಟಿದವರು. ತಂದೆಯದು ಸಣ್ಣ ಕಿರಾಣಿ ಅಂಗಡಿ. ಅವರ ಜಾತಿಯನ್ನು ಕೀಳು ಅಂತ ಎಣಿಸ್ತಿದ್ದರು. ಕಲಕತ್ತಾದ ಹಿಂದೂ ಹಾಸ್ಟೆಲಿನಾಗ ಮೇಲ್ಜಾತಿ ಹುಡುಗರು ಅವರ ಜೋಡಿ ಕುಂತು ಉಣ್ಣಲಿಕ್ಕೆ ಒಪ್ಪಲಿಲ್ಲ. ಬ್ಯಾರೆ ಕುಂತು ಉಂಡ ಆ ಹುಡುಗ 1920ರ ಸುಮಾರಿಗೆ ಕೊಟ್ಟ ಸೂತ್ರ ಇವತ್ತು ಜಗತ್ತಿನ ಎಲ್ಲ ಖಗೋಲ ಪುಸ್ತಕದಾಗ ಅವರ ಹೆಸರಿನಿಂದಲೇ ಅದ. ನಕ್ಷತ್ರದ ಬಿಸಿ ಎಷ್ಟು ಅನ್ನೋದರ ಮ್ಯಾಲೆ ಅದರ ಬೆಳಕಿನ ಗೆರೆ ಬದಲಾಗ್ತಾವ ಅನ್ನೋದು ಅದರ ಸಾರ. ಸ್ಕಾಟ್ಲೆಂಡಿನ ಮನೆಗೆಲಸದಾಕೆ ಮತ್ತು ಆಕೆಯ ಗೆಳತಿಯರು ವಿಂಗಡಿಸಿದ್ದು, ಪಂಕ್ತಿಯಿಂದ ಎಬ್ಬಿಸಿದ ಹುಡುಗ ಅರ್ಥ ಹೇಳಿದ್ದು. ನಕ್ಷತ್ರಗಳ ಶಾಸ್ತ್ರ ಹಿಂಗ ಮುಂದ ಹೋಗಿದೆ ಬಂಧುಗಳೇ.

ಇನ್ನೊಬ್ಬರು ಮಿಲ್ಟನ್ ಹ್ಯೂಮಸನ್. ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟವರು. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಗುಡ್ಡದ ಮ್ಯಾಲೆ ವೀಕ್ಷಣಾಲಯ ಕಟ್ಟುವಾಗ ಹೇಸರಗತ್ತೆ ಹೊಡಕೊಂಡು ಸಾಮಾನು ಮುಟ್ಟಿಸ್ತಿದ್ದರು. 1917ರಲ್ಲಿ ಅಲ್ಲೇ ಕಸ ಗುಡಿಸುವ ನೌಕರಿ ಹಿಡಿದರು. ರಾತ್ರಿ ದುರ್ಬೀನಿನ ಹಂತೇಲಿ ಸಹಾಯಕ್ಕ ನಿಂತು ನಿಂತು ಕೆಲಸ ಕಲಿತರು. ಅವರ ಕೈಗುಣ ನೋಡಿ 1919ರಲ್ಲಿ ಅಲ್ಲಿನ ಮುಖ್ಯಸ್ಥ ಹೇಲ್ ಅವರನ್ನು ವಿಜ್ಞಾನಿಗಳ ಸಾಲಿಗೇ ಸೇರಿಸಿಕೊಂಡರು. ಡಿಗ್ರಿ ಇಲ್ಲದವನ್ನ ಹ್ಯಾಂಗ ತಗೋತೀರಿ ಅಂತ ತಕರಾರು ಆಗಿತ್ತು. ವಿಶ್ವ ಹಿಗ್ಗುತ್ತಿದೆ ಅನ್ನುವ ಹಬಲ್ ಅವರ ಮಾತಿಗೆ ಆಧಾರ ಆಗಿದ್ದು ಇದೇ ಹ್ಯೂಮಸನ್ ಚಳಿಯೊಳಗ ರಾತ್ರಿಗಟ್ಟಲೆ ಕುಂತು ತೆಗೆದ ಅಳತೆಗಳು. ಮುಂದ 1950ರಲ್ಲಿ ಸ್ವೀಡನ್ನಿನ ಲುಂಡ್ ವಿದ್ಯಾಪೀಠ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಇಲ್ಲಿ ಒಂದು ಮಾತು ಗಮನಿಸ್ರಿ. ಹ್ಯೂಮಸನ್‌ಗೆ ಶಾಲು ಹೊದಿಸಿ, "ಭಾಳ ಚೊಲೋ ಗುಡಿಸ್ತೀಯಪ್ಪ" ಅಂತ ಹೇಳಿ ಕಳಿಸಿದ್ದರ ಅವರು ಜೀವನ ಪೂರ್ತಿ ಗುಡಿಸ್ತಾನೇ ಇರ್ತಿದ್ದರು. ಬಾಗಿಲು ತೆಗೆದರು, ಒಳಗ ಕರೆದರು. ಅದು ಖರೇ ಸತ್ಕಾರ.

ನಮ್ಮ ದೇಶದ ರಾಕೆಟ್ ಕಥೆಯೂ ಹಿಂಗೇ ಅದ. ಕೇರಳದ ತುಂಬಾ ಅನ್ನುವ ಮೀನುಗಾರರ ಹಳ್ಳಿಯಿಂದ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತು. ಆ ಜಾಗಕ್ಕಾಗಿ ಮೀನುಗಾರರು ತಮ್ಮ ಮನಿ ಬಿಟ್ಟು ಸರಿದರು, ತಮ್ಮ ಮೇರಿ ಮಗ್ದಲೇನಾ ಚರ್ಚನ್ನೇ ಬಿಟ್ಟುಕೊಟ್ಟರು. ಅದೇ ಚರ್ಚು ಮೊದಲು ಕಚೇರಿ ಆಯಿತು, ಈಗ ಬಾಹ್ಯಾಕಾಶ ಸಂಗ್ರಹಾಲಯ ಆಗಿ ಮಕ್ಕಳಿಗೆ ರಾಕೆಟ್ ತೋರಸ್ತದ. ಸೈಕಲ್ ಕ್ಯಾರಿಯರ್ ಮ್ಯಾಲೆ ರಾಕೆಟ್ ಮೂತಿ ಇಟ್ಟುಕೊಂಡು ಹೋಗುವ ಕಪ್ಪು-ಬಿಳುಪು ಫೋಟೋ ನೀವೆಲ್ಲ ಮೊಬೈಲಿನಾಗ ನೋಡೀರಿ. "ನೋಡ್ರಿ, ಸೈಕಲ್ ಮ್ಯಾಲಿಂದ ಚಂದ್ರನ ತನಕ" ಅಂತ ಎಲ್ಲರೂ ಕಳಸ್ತಾರ. ಆದರ ಸೈಕಲ್ ಹಿಡಿದವರು ಯಾರು ಅಂತ ಕೇಳಿದವರು ಕಡಿಮೆ. ಒಬ್ಬರು ಇಂಜಿನಿಯರ್ ಸಿ.ಆರ್. ಸತ್ಯ, ಕನ್ನಡದಾಗ ಹಾಡು, ಲೇಖನ ಬರೆದವರು. ಇನ್ನೊಬ್ಬರು ಅವರ ಸಹಾಯಕ ವೇಲಪ್ಪನ್ ನಾಯರ್. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ ಇಳಿದಾಗ ನಾವೆಲ್ಲ ಚಪ್ಪಾಳೆ ಹೊಡೆದೆವು. ಆ ಚಪ್ಪಾಳೆ ಇಂಥ ಎಲ್ಲರಿಗೂ ಸಲ್ಲಬೇಕು.

ಈಗ ನಮ್ಮ ಮನಿ ಮಾತಿಗೆ ಬರ್ತೀನಿ.

"ಸೇವೆ" ಅನ್ನುವ ಶಬ್ದ ಭಾಳ ಚಂದ ಅದ. ಆದರ ನಮ್ಮ ಪಾಲಿಗೆ ಅದು ಒಂದು ಕಾಲಕ್ಕ ಕೊಳ್ಳಾಗಿನ ಹಗ್ಗ ಆಗಿತ್ತು. ಮಹಾರ ವತನದ ಹೆಸರಿನಾಗ ನಮ್ಮ ಹಿರಿಯರು ಹಗಲು-ರಾತ್ರಿ ಚಾವಡಿ ಕಾಯಬೇಕು, ಸರಕಾರಿ ಕಾಗದ ಮುಟ್ಟಿಸಬೇಕು, ಬೋಜಾ ಹೊರಬೇಕು, ಸತ್ತ ದನ ಎಳಿಬೇಕು. ಬದಲಿಗೆ ಸಿಗೋದು ಒಂದು ತುಂಡು ಭೂಮಿ, ಕಣದಾಗಿನ ಒಂದಿಷ್ಟು ಕಾಳು. ಕರೆದಾಗ ಒಬ್ಬರು ಸಿಗಲಿಲ್ಲ ಅಂದ್ರ ಮನಿಯ ಇನ್ನೊಬ್ಬರು ಹೋಗಬೇಕು. ಒಲ್ಲೆ ಅನ್ನುವ ಹಕ್ಕು ಇರಲಿಲ್ಲ. ಊರವರು ಅದನ್ನು ಸೇವೆ ಅಂದರು, ನಮ್ಮವರು ಬಿಟ್ಟಿ ಅಂದರು. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಕೌನ್ಸಿಲಿನಾಗ ಈ ವತನದ ಕಾನೂನು ತಿದ್ದಲಿಕ್ಕೆ ಮಸೂದೆ ತಂದರು. ಮಾಡುವ ಕೆಲಸಕ್ಕೆ ತಕ್ಕ ಪಗಾರ, ಬ್ಯಾಡ ಅಂದವರಿಗೆ ಬಿಡುಗಡೆ. ಅವತ್ತು ಅದು ಆಗಲಿಲ್ಲ. ಆ ವತನಗಳನ್ನು ರದ್ದು ಮಾಡುವ ಕಾನೂನು ಬಂದದ್ದು 1958ರಲ್ಲಿ, ಬಾಬಾಸಾಹೇಬರು ತೀರಿಕೊಂಡ ಮ್ಯಾಲೆ.

ಇದನ್ನ ಯಾಕ ಹೇಳಿದೆ? ಇವತ್ತು ನಮ್ಮ ಹುಡುಗರು "ಸ್ವಯಂಸೇವಕ" ಅಂತ ಬ್ಯಾಡ್ಜ್ ಹಚ್ಚಿಕೊಂಡಾಗ ನಮಗ ಹೆಮ್ಮೆ ಆಗಬೇಕು, ಜೊತಿಗೆ ಎಚ್ಚರಾನೂ ಇರಬೇಕು. ಸ್ವಯಂಸೇವೆಗೂ ಬಿಟ್ಟಿಗೂ ನಡುವೆ ಗೆರೆ ಅದ. ಅದನ್ನ ಗುರುತಿಸಲಿಕ್ಕೆ ಮೂರು ಪ್ರಶ್ನೆ ಸಾಕು. ಒಂದು, ಒಲ್ಲೆ ಅಂದ್ರ ನಡೀತದೇನು? ಎರಡು, ಹೋಗಿ ಬರುವ ಖರ್ಚು, ಹೊತ್ತಿನ ಊಟ ಸಿಗ್ತದೇನು? ಮೂರು, ಕೆಲಸ ಮಾಡಿದವರಿಗೆ ಹೆಸರು, ಹೊಸ ಕಲಿಕೆ ಸಿಗ್ತದೇನು? ಮೂರಕ್ಕೂ ಹೌದು ಅಂದ್ರ ಅದು ಸ್ವಯಂಸೇವೆ. ಇಲ್ಲ ಅಂದ್ರ ಬ್ಯಾಡ್ಜ್ ಎಷ್ಟೇ ಹೊಳೀಲಿ, ಒಳಗ ಹಳೇ ಬಿಟ್ಟಿನೇ ಇರ್ತದ.

ಒಂದು ಊರಿನ ಸಮಾರಂಭಕ್ಕ ಹೋಗಿದ್ದೆ, ಊರಿನ ಹೆಸರು ಬ್ಯಾಡ. ವಿಜ್ಞಾನ ಪ್ರದರ್ಶನ ಮೂರು ದಿನ ನಡೆದಿತ್ತು. ಕೊನೇ ದಿನ ಸತ್ಕಾರ. ಉದ್ಘಾಟನೆಗೆ ಹತ್ತು ಮಿನಿಟು ಬಂದು ಹೋದವರಿಗೆ ಶಾಲು, ದೇಣಿಗೆ ಕೊಟ್ಟವರಿಗೆ ಶಾಲು, ಶಾಲು ತಂದ ಅಂಗಡಿಯವರಿಗೂ ಒಂದು ಶಾಲು! ಮೂರು ದಿನ ಬಿಸಿಲಾಗ ನಿಂತು ಮಕ್ಕಳಿಗೆ ವಿವರಿಸಿದ ಹುಡುಗರು ಹಿಂದ ಖುರ್ಚಿ ಎತ್ತಿ ಇಡ್ತಿದ್ದರು. ಶೌಚಾಲಯ ತೊಳೆದ ತಾಯಿ ಬಾಗಿಲ ಹೊರಗ ನಿಂತು ನೋಡ್ತಿದ್ದಳು. "ಎಲ್ಲ ಕಾರ್ಯಕರ್ತರಿಗೆ ಧನ್ಯವಾದ" ಅಂತ ಒಂದೇ ಮಾತಿನಾಗ ಮುಗಿಸಿದರು. ನಮ್ಮ ಸಂಘದಾಗ ಹಂಗ ಆಗಬಾರದು.

ನಮ್ಮ ಇತಿಹಾಸದಾಗ ಒಳ್ಳೇ ಉದಾಹರಣೆ ನಮ್ಮ ಸೊಲ್ಲಾಪುರದಾಗೇ ಅದ. ಬಾಬಾಸಾಹೇಬರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಆ ಸಭಾ 1925ರ ಜನವರಿಯಲ್ಲಿ ಹೈಸ್ಕೂಲು ಓದುವ ನಮ್ಮ ಮಕ್ಕಳಿಗಾಗಿ ಬೋರ್ಡಿಂಗ್ ತೆರೆದದ್ದು ಸೊಲ್ಲಾಪುರದಲ್ಲಿ. ಭಾಷಣ ಮುಗಿಸಿ ಮನಿಗೆ ಹೋಗೋದ್ರಿಂದ ಬೋರ್ಡಿಂಗ್ ನಡೆಯೋದಿಲ್ಲ. ದಿನಾ ಎರಡು ಹೊತ್ತು ಒಲಿ ಹೊತ್ತಬೇಕು, ಕಂದೀಲಿಗೆ ಎಣ್ಣಿ ಬೀಳಬೇಕು, ಜ್ವರ ಬಂದ ಹುಡುಗನ ಹಾಸಿಗಿ ಹಂತೇಲಿ ಯಾರರ ಕುಂದರಬೇಕು. ಅದನ್ನು ಮಾಡಿದವರ ಕೈ ಇರದಿದ್ದರ ನಮ್ಮ ಜಿಲ್ಲೆಯ ಮೊದಲ ಪೀಳಿಗೆ ಮ್ಯಾಟ್ರಿಕ್ ಮೆಟ್ಟಿಲು ಹತ್ತೋದು ಇನ್ನಷ್ಟು ತಡ ಆಗ್ತಿತ್ತು. ವಿಜ್ಞಾನ ಕೇಂದ್ರ ಇರಲಿ, ಬೋರ್ಡಿಂಗ್ ಇರಲಿ, ಮಕ್ಕಳು ಕಲಿಯುವ ಜಾಗ ನಡೆಯೋದು ಕಾಣದ ಕೈಗಳಿಂದ.

ಅದಕ್ಕ ಸಂಘದ ಮುಂದ ಐದು ಮಾತು ಇಡ್ತೀನಿ. ಒಪ್ಪಿಗೆ ಆದ್ರ ಠರಾವು ಮಾಡ್ರಿ, ಇಲ್ಲಾಂದ್ರ ಚರ್ಚೆ ಮಾಡ್ರಿ.

ಮೊದಲನೇದು, ಹೆಸರು. ಕೆಲಸ ಮಾಡಿದ ಪ್ರತಿಯೊಬ್ಬರ ಪೂರ್ಣ ಹೆಸರು ಸಂಘದ ವಹಿಯೊಳಗ ಬರೀರಿ. "ಮತ್ತಿತರರು" ಅನ್ನುವ ಶಬ್ದ ನಮ್ಮ ವಹಿಯಿಂದ ತೆಗೆದುಹಾಕ್ರಿ. ವಿವರಿಸಿದವರ ಹೆಸರು ಎಷ್ಟು ದೊಡ್ಡ ಅಕ್ಷರದಾಗೋ ಗುಡಿಸಿದವರ ಹೆಸರೂ ಅಷ್ಟೇ ದೊಡ್ಡ ಅಕ್ಷರದಾಗ ಇರಲಿ.

ಎರಡನೇದು, ದುಡ್ಡು. ಸ್ವಯಂಸೇವಕರಿಗೆ ಗಾಡಿ ಖರ್ಚು, ಊಟ ಸಂಘದ ಫಂಡಿನಿಂದ ಹೋಗಲಿ. ಬೀಡಿ ಕಟ್ಟುವ ತಾಯಿಯ ಮಗಳು ತನ್ನ ಕಿಸೆಯಿಂದ ಎಸ್‌ಟಿ ತಿಕೀಟು ತಗಿಬಾರದು. ಹಂಗಾದ್ರ ಕಿಸೆ ಗಟ್ಟಿ ಇದ್ದವರ ಮಕ್ಕಳಷ್ಟೇ ಸ್ವಯಂಸೇವಕರಾಗ್ತಾರ. ನಮ್ಮ ಕಾರ್ಯಕ್ರಮಕ್ಕ ಮಂಟಪ ಹಾಕಿದವರಿಗೆ, ಅಡಿಗೆ ಮಾಡಿದವರಿಗೆ, ಗುಡಿಸಿದವರಿಗೆ ಅವತ್ತೇ ಪೂರಾ ಕೂಲಿ ಕೊಡ್ರಿ. "ನಮ್ಮವರೇ ಅಲ್ಲ, ನಡೀತದ" ಅನ್ನಬ್ಯಾಡ್ರಿ. ಯಾವುದೇ ಸಂಸ್ಥೆಯ ಗುತ್ತಿಗೆ ನೌಕರರನ್ನು ಸತ್ಕಾರಕ್ಕ ಕರೆದಾಗ, ಶಾಲು ಹೊದಿಸುವ ಮೊದಲು ಒಂದು ಮಾತು ಕೇಳ್ರಿ: ಪಗಾರ ತಿಂಗಳಾ ತಿಂಗಳಾ ಬರ್ತದೇನು, ಪಿಎಫ್ ತುಂಬ್ತಾರೇನು? ಇಲ್ಲ ಅಂದ್ರ ಅವರ ಜೋಡಿ ಅರ್ಜಿ ಬರಿಯೋದೂ ಸಂಘದ ಕೆಲಸನೇ.

ಮೂರನೇದು, ಪಂಕ್ತಿ. ಸತ್ಕಾರ ಆದವರೆಲ್ಲ ಒಂದೇ ಸಾಲಿನಾಗ ಕೂಡ್ರಬೇಕು, ಒಂದೇ ಸಾಲಿನಾಗ ಉಣ್ಣಬೇಕು. ಕಾವಲುಗಾರರಿಗೆ ಪೊಟ್ಟಣ ಕಟ್ಟಿ ಬಾಗಿಲಿಗೆ ಕಳಿಸೋದು ಬ್ಯಾಡ. ಮೇಘನಾದ ಸಾಹಾರನ್ನು ಪಂಕ್ತಿಯಿಂದ ಎಬ್ಬಿಸಿದವರಿಗೂ ನಮಗೂ ಫರಕು ಇರಬೇಕಲ್ಲ.

ನಾಲ್ಕನೇದು, ಕೆಲಸ ಹಂಚಿಕೆ. ನಮ್ಮೊಳಗೂ ಒಂದು ರೂಢಿ ಅದ, ಅದನ್ನ ಮುಚ್ಚಿಡಬ್ಯಾಡ್ರಿ. ದುರ್ಬೀನು ಹುಡುಗರ ಕೈಯಾಗ, ರಂಗೋಲಿ, ಚಹಾದ ಟ್ರೇ ಹುಡುಗಿಯರ ಕೈಯಾಗ. ಮಹಾರರಿಗೆ ಮೈಕು, ಮಾಂಗರಿಗೆ, ಮಾದರಿಗೆ ಖುರ್ಚಿ ಎತ್ತುವ ಕೆಲಸ. ಹಿಂಗ ಆದ್ರ ನಾವೂ ಒಳಗೊಂದು ಸಣ್ಣ ಊರು ಕಟ್ಟಿದಂಗ ಆಗ್ತದ. ಪಾಳಿ ಹಾಕ್ರಿ. ಒಂದು ತಿಂಗಳು ವಿವರಿಸಿದವರು ಮುಂದಿನ ತಿಂಗಳು ಗುಡಿಸಲಿ. ಗುಡಿಸಿದವರು ದುರ್ಬೀನು ಹಿಡೀಲಿ.

ಐದನೇದು, ಬಾಗಿಲು. ಇಂಥ ಕೇಂದ್ರಗಳಲ್ಲಿ ದುಡಿಯುವ ಕಾವಲುಗಾರರ, ಸಫಾಯಿ ಕಾಮಗಾರರ ಮಕ್ಕಳು ಒಳಗಿನ ಗ್ರಹ-ನಕ್ಷತ್ರ ನೋಡ್ಯಾರೇನು? ಮುಂದಿನ ಸಲ ಗಾಡಿ ಹೋಗುವಾಗ ಮೊದಲ ಸಾಲಿನ ಸೀಟು ಅವರಿಗೆ ಇಡ್ರಿ. ನಮ್ಮ ಸ್ವಯಂಸೇವಕರಲ್ಲಿ ಯಾರಿಗೆ ಇದರಾಗ ಮುಂದ ಓದುವ ಮನಸ್ಸದ, ಅವರಿಗೆ ಪುಸ್ತಕ, ಫೀ, ಪರೀಕ್ಷೆಯ ಫಾರ್ಮು ತುಂಬೋದಕ್ಕ ಸಂಘ ಕೈ ಹಿಡೀಲಿ. ಬೆಂಗಳೂರಿನಾಗ 1989ರಿಂದ ಜವಾಹರಲಾಲ್ ನೆಹರೂ ತಾರಾಲಯ ಅದ, ಅಲ್ಲಿ ಕನ್ನಡದಾಗೇ ಆಕಾಶ ತೋರಸ್ತಾರ. ಇವತ್ತು ಬ್ಯಾಡ್ಜ್ ಹಚ್ಚಿಕೊಂಡು ನಿಂತ ನಮ್ಮ ಹುಡುಗಿ ನಾಳೆ ಅಂಥ ಜಾಗದಾಗ ಪಗಾರದ ನೌಕರಿಗೆ ಕುಂತ್ರ, ಅವತ್ತು ಇವತ್ತಿನ ಶಾಲು ಸಾರ್ಥಕ.

ಸತ್ಕಾರಕ್ಕ ಬಂದವರಿಗೆ ಒಂದು ಮಾತು. ನೀವು ತೋರಿಸಿದ್ದನ್ನ ಮಕ್ಕಳು ಮರೆತಿಲ್ಲ. ಮೊನ್ನೆ ಕೇರಿಯಾಗ ಇಬ್ಬರು ಹುಡುಗರು ಜಗಳಾಡ್ತಿದ್ದರು, ಸಂಜೀಕ ಕಾಣೋ ಬೆಳ್ಳಿ ಚುಕ್ಕಿಯೋ ಗ್ರಹವ್ಯೋ ಅಂತ. ಅದರ ಮ್ಯಾಲೆ ಜಗಳಾಡೋ ಕೇರಿ ಆಯಿತಲ್ಲ ನಮ್ಮದು, ಅದು ನಿಮ್ಮಿಂದ. ನಿಮ್ಮ ಸೊಂಟದ ನೋವು, ನಿಮ್ಮ ಗಂಟಲಿನ ಕೆರೆತ ಎಲ್ಲೀಗೆ ಹೋಯಿತು ಅಂತ ಕೇಳಿದ್ರ ಆ ಜಗಳದ ಕಡೆ ಬೊಟ್ಟು ಮಾಡಿ ತೋರಸ್ತೀನಿ.

ಕಡೀಗೆ ಒಂದು ಕೆಲಸ ಹೇಳಿ ಮುಗಿಸ್ತೀನಿ, ಯಾಕಂದ್ರ ಊಟದ ಹೊತ್ತಾಗ್ಯದ, ಅಡಿಗೆ ಮಾಡಿದವರೂ ಕಾಯಾಕ ಹತ್ಯಾರ. ನಮ್ಮ ಭಾಗದಾಗ ವರ್ಷಕ್ಕ ಎರಡು ದಿನ ನಡು ಮಧ್ಯಾಹ್ನ ಸೂರ್ಯ ನೆತ್ತಿಗೆ ನೇರ ಬರ್ತಾನ: ಮೇ ತಿಂಗಳ 10-11ರ ಸುಮಾರಿಗೆ ಒಮ್ಮೆ, ಆಗಸ್ಟ್ ಮೊದಲ ದಿನಗಳಾಗ ಒಮ್ಮೆ. ಆಗ ನೆಟ್ಟಗ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಾಗೇ ಅಡಗ್ತದ. ಒಂದು ಕಾಲಕ್ಕ ನಮ್ಮ ನೆರಳು ಬಿದ್ರ ಮೈಲಿಗೆ ಅಂತಿದ್ದರು. ಆ ದಿನ ಆ ಹೊತ್ತಿಗೆ ಯಾರ ನೆರಳೂ ಯಾರ ಮ್ಯಾಲೂ ಬೀಳೋದಿಲ್ಲ. ಇದಕ್ಕ ದುರ್ಬೀನು ಬ್ಯಾಡ, ದುಡ್ಡು ಬ್ಯಾಡ, ಒಂದು ಕೋಲು, ಒಂದು ಸಪಾಟು ಜಾಗ ಸಾಕು. ಬರುವ ಮೇ ತಿಂಗಳು ಸಮಾಜ ಮಂದಿರದ ಅಂಗಳದಾಗ ಎಲ್ಲರೂ ಕೂಡೋಣ. ಊರಿನ ಎಲ್ಲ ಓಣಿಯ ಮಕ್ಕಳನ್ನೂ ಕರೀರಿ. ಕೋಲು ಹಿಡಿಯುವವರ, ವ್ಯಾಳೆ ನೋಡುವವರ, ನೀರು ತರುವವರ, ಆಮ್ಯಾಲೆ ಅಂಗಳ ಗುಡಿಸುವವರ ಹೆಸರು ಇವತ್ತೇ ವಹಿಯೊಳಗ ಬರಿಸಿ ಮನಿಗೆ ಹೋಗ್ರಿ.